ಗೋಡೆಯಲ್ಲಿ ಬಿಡದ ದಾರಿ

ಮೊನ್ನೆ ಮದುವೆ ಸೀರೆ ತರಲು ದಾವಣಗೆರೆಗೆ ಹೋಗಿದ್ದೆವು. ಆರಿಸುವವಳು ನನ್ನ ಹೆಂಡತಿ, ನಾನು ಚೀಲ ಹಿಡಿಯುವವನು. ಅಂಗಡಿ ಐದು ಅಂತಸ್ತು, ಅದರ ಹೊಟ್ಟೆಯೊಳಗೆ ಕಾರು ನಿಲ್ಲಿಸುವ ನೆಲಮಾಳಿಗೆ. ಹಳದಿ ಗೆರೆ, ಬಿಳಿ ಬಾಣ, ಕಾರಿಗೊಂದು ಸಾಲು, ಬೈಕಿಗೊಂದು ಸಾಲು. ಚೆಂದವೇ ಇತ್ತು. ಬಸ್ಸಿಳಿದು ನಡೆದು ಬಂದ ನಾವು ಎಲ್ಲಿಂದ ಒಳಗೆ ಹೋಗಬೇಕೆಂದು ತಿಳಿಯದೆ ಕಾರು ಇಳಿಯುವ ಇಳಿಜಾರಿನಲ್ಲೇ ಕಾಲಿಟ್ಟೆವು. ಕಾವಲಿನವನು ಸೀಟಿ ಊದಿದ.

"ನಡಕಂಡು ಬರೋರು ಇಲ್ಲಿ ಬರಂಗಿಲ್ರಿ."

"ಮತ್ತ ಎಲ್ಲಿಂದ ಬರಬೇಕಪ್ಪಾ?" ಎಂದಳು ಹೆಂಡತಿ.

ಅವನು ರಸ್ತೆಯ ಕಡೆ ಕೈ ಮಾಡಿದ. ಅಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಮನೆ ಮುಟ್ಟುವತನಕ ಹೆಂಡತಿ ಅವನನ್ನು ಬೈದಳು. ನಾನು ಬೈಯಲಿಲ್ಲ. ನನಗೆ ಆ ಹಕ್ಕಿಲ್ಲ. ಯಾಕಿಲ್ಲ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೊಟ್ಟೂರಿಗೂ ಹರಪನಹಳ್ಳಿಗೂ ನಡುವಿನ ಒಂದು ಊರು ನಮ್ಮದು. ಹೆಸರು ಬೇಡ, ಮರ್ಯಾದೆ ನನ್ನದು ಹೋದರೆ ಸಾಕು, ಊರದ್ದು ಯಾಕೆ. ಡಿಪ್ಲೊಮಾ ಮುಗಿಸಿ ಊರಿನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆ, ಅದೂ ತಾತ್ಕಾಲಿಕ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಣಿಯಲ್ಲಿ ನಡೆಯುವಾಗ ಇಡೀ ಊರನ್ನು ನಾನೇ ಕಟ್ಟಿದವನಂತೆ ಎದೆ ಉಬ್ಬಿಸುತ್ತಿದ್ದೆ. ಇದ್ದದ್ದು ಸೋದರತ್ತೆ ಕೊಟ್ರವ್ವನ ಮನೆಯಲ್ಲಿ. ಅತ್ತೆ ಮಂಡಕ್ಕಿ ಹುರಿಯುವ ಭಟ್ಟಿಯಿಂದ ಮೂಟೆ ತಂದು ಬಸ್‌ಸ್ಟ್ಯಾಂಡಿನ ಹತ್ತಿರ ಮಾರುತ್ತಿದ್ದಳು. ನನ್ನ ಡಿಪ್ಲೊಮಾ ಆ ಮಂಡಕ್ಕಿಯಿಂದಲೇ ಆದದ್ದು.

ಭಟ್ಟಿಗಳ ಓಣಿಗೂ ಬಸ್‌ಸ್ಟ್ಯಾಂಡಿಗೂ ನಡುವೆ ಒಂದು ಬಯಲಿತ್ತು. ನಾಲ್ಕಾರು ಬೇವಿನ ಮರ, ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಕಾಲುದಾರಿ. ಯಾರೂ ಹಾಕಿದ ದಾರಿಯಲ್ಲ, ಜನ ನಡೆದು ನಡೆದು ಆದದ್ದು. ಮಂಡಕ್ಕಿ ಮೂಟೆ ಹೊತ್ತ ಹೆಂಗಸರು, ಶಾಲೆಯ ಮಕ್ಕಳು, ಎಲ್ಲರೂ ಅದರಲ್ಲೇ. ಸಂತೆಗೆ ಬಂದ ಬಂಡಿಗಳು ಮಾತ್ರ ರಸ್ತೆಯಲ್ಲಿ ಅಡ್ಡಾದಿಡ್ಡಿ ನಿಂತು ಬಸ್ಸಿಗೆ ತೊಂದರೆ ಆಗುತ್ತಿತ್ತು. ಆದ್ದರಿಂದ ಈ ಬಯಲಿಗೆ ಗೋಡೆ ಹಾಕಿ ಬಂಡಿ, ಟೆಂಪೊ, ಸೈಕಲ್ಲು ನಿಲ್ಲುವ ಜಾಗ ಮಾಡಬೇಕೆಂದು ತೀರ್ಮಾನವಾಯಿತು. ಯೋಚನೆ ತಪ್ಪಲ್ಲ, ಒಪ್ಪುತ್ತೇನೆ.

ಅಳತೆಗೆ ಹೊಸ ಇಂಜಿನಿಯರ್ ಸಾಹೇಬರು ಬಂದರು, ಮೈಸೂರು ಕಡೆಯವರು. ಬಂದದ್ದು ಸೋಮವಾರ. ನಮ್ಮಲ್ಲಿ ಸೋಮವಾರ ಬಸವಣ್ಣನ ವಾರ, ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬೀದಿಯಲ್ಲಿ ಒಂದು ಬಂಡಿಯೂ ಇರಲಿಲ್ಲ. "ಪರವಾಗಿಲ್ಲವಲ್ರೀ, ಊರು ಖಾಲಿ ಇದೆ, ಅಳತೆಗೆ ಅನುಕೂಲ," ಎಂದರು. ಬಂಡಿಯ ಅಳತೆ ಬೇಕಲ್ಲ, ಬಡಿಗೇರನ ಅಂಗಳದಲ್ಲಿ ರಿಪೇರಿಗೆ ಬಂದಿದ್ದ ಒಂದನ್ನು ಟೇಪು ಹಿಡಿದು ಅಳೆದರು. ಎತ್ತಿಲ್ಲದ ಬಂಡಿ. ನಾನು ಒಕ್ಕಲುತನದ ಮನೆಯ ಮೊಮ್ಮಗ. ಬಂಡಿ ಬಿಟ್ಟ ಮೇಲೆ ಎತ್ತು ಕಟ್ಟಲು, ಮೇವು ಹಾಕಲು, ಅವು ಮಲಗಿ ಮೆಲುಕು ಹಾಕಲು ಬಂಡಿಯ ಎರಡರಷ್ಟು ಜಾಗ ಬೇಕೆಂದು ನನಗೆ ಗೊತ್ತಿತ್ತು. ಇವತ್ತು ಸೋಮವಾರ, ನಾಳೆ ಬಂದು ನೋಡಿ ಅಂತ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಹೇಳಲಿಲ್ಲ. ಕೆಲಸ ಕಾಯಂ ಆಗಬೇಕಿತ್ತು ನೋಡಿ, ಬಾಯಿ ಮುಚ್ಚಿಕೊಂಡು ಟೇಪಿನ ತುದಿ ಹಿಡಿದೆ.

ಆ ರಾತ್ರಿ ರೊಟ್ಟಿ ಬಡಿಯುತ್ತಾ ಅತ್ತೆ ಕೇಳಿದಳು: "ಲೇ ಅಳಿಯಾ, ಗ್ವಾಡಿ ಹಾಕ್ತೀರಂತ. ಕಾಲುದಾರಿ ಬಿಡ್ತೀಯಿಲ್ಲೋ?"

"ಬಿಡ್ತೀನಿ ಅತ್ತಿ," ಎಂದೆ.

ಬಿಟ್ಟೂ ಇದ್ದೆ. ಪೆನ್ಸಿಲಿನಲ್ಲಿ ಗೋಡೆಯ ಎರಡು ತುದಿಗೆ ನಾಲ್ಕು ನಾಲ್ಕು ಅಡಿಯ ಸಂದು ಗುರುತು ಮಾಡಿ ನಡುವೆ ಓರೆಯಾಗಿ ದಾರಿ ಬರೆದಿದ್ದೆ. ಸಾಹೇಬರು ನಕ್ಷೆ ನೋಡಿ ನಕ್ಕರು. "ಇದೇನ್ರೀ, ಗೋಡೆಗೆ ಹಲ್ಲು ಬಿದ್ದಿದೆ? ಜನ ಒಳಗೆ ಓಡಾಡಿದರೆ ಗಾಡಿ ನಿಲ್ಲೋದು ಎಲ್ಲಿ? ಓರೆ ಗೆರೆ ಬಂದರೆ ಆರು ಬಂಡಿ ಜಾಗ ಹೋಗುತ್ತೆ. ತೆಗೀರಿ." ಅವರ ಎದುರಿಗೇ ರಬ್ಬರಿನಿಂದ ಅಳಿಸಿದೆ. ಕಾಗದ ಹರಿಯದಂತೆ ಜೋಪಾನವಾಗಿ ಅಳಿಸಿದೆ, ಕೈಕೆಲಸ ಚೊಕ್ಕಟ ಅನಿಸಿಕೊಳ್ಳುವ ಹುಚ್ಚು ನನಗೆ. ಆಮೇಲೆ ಶಾಯಿ ಎಳೆದೆ. ಸಂಜೆ ಮನೆಗೆ ಬಂದಾಗ ಅತ್ತೆ ಮತ್ತೆ ಕೇಳಿದಳು. "ಬಿಟ್ಟೀನಿ," ಎಂದೆ. ಇದು ಸುಳ್ಳು.

ಗೋಡೆ ಕಟ್ಟಿದವನು ಗೌಂಡಿ ದುರುಗಪ್ಪ. ಅತ್ತೆಯ ಮನೆಯಿಂದ ಮೂರನೇ ಮನೆ ಅವನದು. ಅತ್ತೆಯ ಒಲೆ, ಕಟ್ಟೆ, ಬಚ್ಚಲು, ಎಲ್ಲ ಅವನ ಕೈಯವೇ. ಕೆಲಸ ಬಿಟ್ಟು ಬರುವಾಗ ಒಂದು ಹಿಡಿ ಮಂಡಕ್ಕಿ ತಿನ್ನದೆ ಅವನು ಮನೆಗೆ ಹೋದವನಲ್ಲ. ನಕ್ಷೆಯಲ್ಲಿ ಇದ್ದ ಹಾಗೆ ಕಲ್ಲಿಟ್ಟ, ಸಂದು ಬಿಡಲಿಲ್ಲ, ಬಿಡಲು ಯಾರೂ ಹೇಳಿರಲಿಲ್ಲ. ಬೇವಿನ ಮರಗಳೂ ಹೋದವು, ಅವು ಬಂಡಿಗೆಂದು ಬರೆದ ನಮ್ಮ ಚೌಕಗಳ ನಡುವೆ ಬರುತ್ತಿದ್ದವು.

ಮೊದಲ ಸಂತೆಯ ದಿನ ಬಂಡಿಯವರು ಒಳಗೆ ಬಂದು ನೋಡಿದರು. ಬಂಡಿಗೆ ಚೌಕ ಉಂಟು, ಎತ್ತಿಗೆ ಜಾಗವಿಲ್ಲ, ನೆರಳೂ ಇಲ್ಲ. "ಎತ್ತನ್ನ ಕಿಸೇದಾಗ ಇಟ್ಕಬೇಕೇನ್ರಿ?" ಅಂತ ಒಬ್ಬ ಕೇಳಿದ. ಎಲ್ಲರೂ ಹೊರಗೆ ಹೋಗಿ ಗೋಡೆಗೆ ಒತ್ತಿ ರಸ್ತೆಯಲ್ಲೇ ಬಂಡಿ ಬಿಟ್ಟರು. ಹೆಂಗಸರು ಗೋಡೆ ಸುತ್ತಿ ಅದೇ ರಸ್ತೆಗೆ ಬರಬೇಕು, ಬಂಡಿ ದಾಟಲು ರಸ್ತೆಯ ನಡುವಿಗೆ ಇಳಿಯಬೇಕು. ಗಾಡಿ ನಿಲ್ಲುವ ಜಾಗ ಅಂದರೆ ಮೊದಲು ಮನುಷ್ಯ ನಡೆಯುವ ಜಾಗ ಅಂತ ಈಗ ನಾನು ಯಾರಿಗಾದರೂ ಪಾಠ ಹೇಳಬಲ್ಲೆ. ಅಟ್ಟ ಮೇಲೆ ಒಲೆ ಉರಿದ ಬುದ್ಧಿ ಇದು.

ಮೂರು ತಿಂಗಳೊಳಗೆ ಅತ್ತೆ ಬಿದ್ದಳು. ಮಂಡಕ್ಕಿ ಮೂಟೆ ಹಗುರ, ಆದರೆ ಆಳಿಗಿಂತ ಅಗಲ. ಹಿಂದೆ ಏನು ಬರುತ್ತಿದೆ ಕಾಣುವುದಿಲ್ಲ. ಬಂಡಿ ಸುತ್ತಿ ನಡುರಸ್ತೆಗೆ ಇಳಿದಾಗ ಲಾರಿಯ ಬದಿ ಮೂಟೆಗೆ ತಗುಲಿ ಎಳೆದುಹಾಕಿತು. ಸೊಂಟ ಮುರಿಯಿತು. ನಾಲ್ಕು ವರ್ಷ ಹಾಸಿಗೆಯಲ್ಲಿ ಇದ್ದಳು. ನೋಡಲು ಬಂದವರಿಗೆಲ್ಲ ಒಂದೇ ಮಾತು: "ನಮ್ಮ ಹುಡುಗ ದಾರಿ ಬಿಟ್ಟಿದ್ದನವ್ವಾ. ಆ ದುರುಗ ಮುಚ್ಯಾನ."

ನಾನು ಪಕ್ಕದಲ್ಲೇ ಇರುತ್ತಿದ್ದೆ, ಬಂದವರಿಗೆ ನೀರು ಕೊಡುತ್ತಾ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗಾಯಿತು. ಓಣಿಯವರು ದುರುಗಪ್ಪನನ್ನು ಒಂದು ಒಲೆ ಹಾಕಲೂ ಕರೆಯದಾದರು. ಒಂದು ಸಂಜೆ ಅವನು ಕಚೇರಿ ಬಾಗಿಲಿಗೆ ಬಂದು ನಿಂತ. "ನಿಮ್ಮತ್ತಿ ನನ್ನ ಮಾರಿ ನೋಡವಲ್ಲಳು ಸಾಹೇಬ್ರ. ನಕ್ಷೆದಾಗ ದಾರಿ ಇರಲಿಲ್ಲ ಅಂತ ಒಂದು ಮಾತು ಹೇಳ್ರಿ. ಮಂದಿ ಮುಂದ ಬ್ಯಾಡ, ಅಕಿ ಒಬ್ಬಾಕಿ ಮುಂದ."

"ನೋಡೂಣ ತಗೋ," ಎಂದೆ.

ಆ ವರ್ಷ ನನ್ನ ಕೆಲಸ ಕಾಯಂ ಆಯಿತು. ದುರುಗಪ್ಪ ಹೊಸಪೇಟೆ ಕಡೆ ಕೆಲಸ ಹುಡುಕಿಕೊಂಡು ಹೋದ. ಅತ್ತೆ ತೀರಿಕೊಂಡ ದಿನ ಸುದ್ದಿ ತಿಳಿದು ಬಂದಿದ್ದ. "ಇವಗೇನ್ ಕೆಲಸ ಇಲ್ಲಿ?" ಎಂದು ಯಾರೋ ಅಂದರು. ಹೂವಿನ ಹಾರ ಬಾಗಿಲ ಬದಿಗೆ ಇಟ್ಟು ಹೊರಟುಹೋದ. ನಾನು ಕಂಡೂ ಕಾಣದವನಂತೆ ಇದ್ದೆ. ನನ್ನಂಥ ಹೇಡಿ ಆ ಓಣಿಯಲ್ಲಿ ಇನ್ನೊಬ್ಬ ಹುಟ್ಟಿಲ್ಲ.

ದಾವಣಗೆರೆಯಿಂದ ಬಂದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ ಊರಿಗೆ ಹೋದೆ. ದುರುಗಪ್ಪ ವಯಸ್ಸಾಗಿ ಊರಿಗೇ ಮರಳಿದ್ದಾನೆ. ಕಣ್ಣು ಮಂದ, ಕೈ ಮಾತ್ರ ಇನ್ನೂ ಗಟ್ಟಿ. ಕಟ್ಟೆಯ ಮೇಲೆ ಅವನ ಪಕ್ಕ ಕುಳಿತು ಎಲ್ಲ ಹೇಳಿದೆ: ಪೆನ್ಸಿಲು, ರಬ್ಬರು, ಅತ್ತೆಗೆ ಹೇಳಿದ ಸುಳ್ಳು. ಅವನು ಕೊನೆತನಕ ಕೇಳಿಸಿಕೊಂಡ.

"ಮುಗೀತೇನ್ರಿ?"

"ಮುಗೀತು."

"ನನ್ನ ಮುಂದ ಯಾಕ ಹೇಳ್ತೀರಿ? ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದ ಮಂದಿ ಮುಂದ ಹೇಳ್ರಿ."

ಅಷ್ಟೇ ಅಂದು ಒಳಗೆ ಹೋದ. ಅವನು ಹೇಳಿದ ಮಂದಿ ಎದುರಿಗೇ ಇದ್ದರು. ಓಣಿಯ ತುಂಬ ಬಾಗಿಲು ತೆರೆದಿದ್ದವು, ಬಟ್ಟೆ ಒಣಹಾಕುವವರು, ಅಕ್ಕಿ ಆರಿಸುವವರು, ಎರಡು ಮೂರು ಜನ ಗುರುತು ಹಿಡಿದು "ಯಾವಾಗ ಬಂದ್ರಿ?" ಎಂದೂ ಕೇಳಿದರು. ಈಗ ಬಂದೆ ಎಂದೆ. ಚಪ್ಪಲಿ ಮೆಟ್ಟಿ ಬಸ್ಸಿಗೆ ನಡೆದೆ. ಮನೆಗೆ ಬಂದು, ಆ ಓಣಿಯನ್ನು ಎಂದೂ ಕಾಣದ ನಿಮ್ಮನ್ನು ಹಿಡಿದು ಕೂರಿಸಿಕೊಂಡು ಇದನ್ನೆಲ್ಲ ಹೇಳಿದ್ದೇನೆ.