ಸರ್ಜನ್ನನ ಎರಡನೇ ಆಪರೇಷನ್

ಊರಿನ ಟ್ರ್ಯಾಕ್ಟರುಗಳಿಗೆಲ್ಲ ಪ್ರಾಣದಾತನಾದ ಆ ಮೆಕ್ಯಾನಿಕ್ಕನನ್ನು ಜನ ಸರ್ಜನ್ ಎಂದು ಕರೆಯುತ್ತಿದ್ದರು. ಮೊದಲು ಯಾರೋ ತಮಾಷೆಗೆ ಅಂದದ್ದು. ಅವನು ಬಿರುದೆಂದೇ ಸ್ವೀಕರಿಸಿದ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತಲಿದ್ದವರು ಕೆಮ್ಮುವುದಕ್ಕೂ ಅಂಜುತ್ತಿದ್ದರು. ತಗಡಿನ ಶೆಡ್ಡಿನ ನೆತ್ತಿಯ ಮೇಲೆ ಅವನೇ ಬರೆದ ಬೋರ್ಡು: 'ಇಲ್ಲಿಗೆ ಬಂದ ಗಾಡಿ ಮತ್ತೆ ಬರುವುದಿಲ್ಲ.' ಇದಕ್ಕೆ ಎರಡು ಅರ್ಥವಿದೆ ಎಂದು ಎದುರಂಗಡಿಯ ಟೈಲರ್ ಹನ್ನೆರಡು ವರ್ಷದಿಂದ ಹೇಳುತ್ತಲೇ ಇದ್ದ. ಸರ್ಜನ್ನನ ಕಣ್ಣಿಗೆ ಒಂದೇ ಅರ್ಥ ಕಾಣುತ್ತಿತ್ತು.

ಅವನ ಶಾಸ್ತ್ರದ ಪ್ರಕಾರ ಎಂಜಿನ್ ಕೆಡುವುದಕ್ಕೆ ಮೂರೇ ಕಾರಣ: ಡ್ರೈವರು, ಡ್ರೈವರನ ಅವಸರ, ಡ್ರೈವರನ ಸೋಮಾರಿತನ. ನಾಲ್ಕನೆಯದೊಂದು ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಮೂರು ವಾರದ ಹಿಂದಷ್ಟೇ ಅವನು ರೇಡಿಯೇಟರ್ ತೊಳೆದು ಕಳಿಸಿದ್ದ ಟ್ರ್ಯಾಕ್ಟರು ಮೂತಿಯಿಂದ ಹಬೆಯುಗುಳುತ್ತ ಬೋರ್ಡಿನ ಕೆಳಗೇ ಬಂದು ನಿಂತಿತು. ಟೈಲರ್ ಹೊಲಿಗೆ ನಿಲ್ಲಿಸಿ ಬೋರ್ಡನ್ನೊಮ್ಮೆ, ಟ್ರ್ಯಾಕ್ಟರನ್ನೊಮ್ಮೆ ನೋಡಿದ.

"ಸುಮ್ಮನೆ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದಿರಬೇಕು" ಎಂದ.

ಟ್ರ್ಯಾಕ್ಟರಿನಿಂದ ಇಳಿದ ಡ್ರೈವರ್ ಬೇರೆ ಯಾರೂ ಅಲ್ಲ, ಸರ್ಜನ್ನನ ಅಕ್ಕನ ಗಂಡ. ಹತ್ತೊಂಬತ್ತು ವರ್ಷದಿಂದ ಆ ಸೀಟಿನ ಮೇಲೆ ಕೂತು ಕೂತು ಇಳಿದ ಮೇಲೂ ಕಾಲಗಲಿಸಿಯೇ ನಡೆಯುತ್ತಿದ್ದ ಮನುಷ್ಯ. ಸರ್ಜನ್ ವಿದ್ಯೆ ಕಲಿತದ್ದೂ ಈ ಭಾವನ ಗಾಡಿಯ ಮೇಲೆಯೇ. ಬಿಚ್ಚಿ ಜೋಡಿಸಿದ ಮೇಲೆ ನಟ್ಟುಗಳು ಮಿಕ್ಕಾಗ ಭಾವನೇ ಅವನ್ನು ಜೇಬಿಗಿಳಿಸಿ, "ಇದು ನನ್ನ ಅಂಗೀದು" ಎಂದು ಯಜಮಾನಿಯ ಮುಂದೆ ಗಂಭೀರವಾಗಿ ಹೇಳಿದ್ದುಂಟು.

ಆ ಯಜಮಾನಿ, ಟ್ರ್ಯಾಕ್ಟರಿನ ಒಡತಿ, ಈಗ ಛತ್ರಿ ಹಿಡಿದು ಹಿಂದೆಯೇ ಬಂದಳು. ಅಳೆದು ತೂಗಿ ಮಾತಾಡುವ ಹೆಂಗಸು.

"ಖಾಲಿ ಓಡಿಸಿದ್ರೆ ಸರಿಯಾಗಿರುತ್ತೆ. ನೇಗಿಲು ಹಾಕಿದ ಅರ್ಧ ಗಂಟೆಗೆ ಕುದಿಯುತ್ತೆ. ನೀನು ನೋಡಿ ಹೇಳು. ಗಾಡಿ ತಪ್ಪಾದ್ರೆ ರಿಪೇರಿ ಮಾಡಿಸ್ತೀನಿ. ಡ್ರೈವರ್ ತಪ್ಪಾದ್ರೆ ಡ್ರೈವರನ್ನ ಬದಲಾಯಿಸ್ತೀನಿ. ನಿನ್ನ ಭಾವ ಅಂತ ಮುಲಾಜು ನೋಡ್ಬೇಡ."

"ನನ್ನ ಸ್ಪ್ಯಾನರಿಗೆ ನೆಂಟರಿಲ್ಲ ಅಮ್ಮಾವ್ರೆ" ಎಂದ ಸರ್ಜನ್. ಭಾವ ನಕ್ಕ. ಬಾಮೈದ ಇರುವಾಗ ತನಗೇನು ಭಯ ಎನ್ನುವ ನಗು ಅದು.

ಎಂಜಿನ್ ಆರುವ ತನಕ ಒಂದು ಗಂಟೆ ಕಾದು, ಗೋಣಿತಾಟು ಹಾಕಿ ರೇಡಿಯೇಟರಿನ ಮುಚ್ಚಳ ತಿರುಗಿಸಿ, ಕೆಳಗಿನ ನಲ್ಲಿ ಬಿಟ್ಟು ನೀರಿಳಿಸಿ ಆಪರೇಷನ್ ಶುರುವಾಯಿತು. ಮುಂದಿನ ಜಾಲರಿ ತೆಗೆದರೆ ಹೊಟ್ಟಿಲ್ಲ, ಕಸವಿಲ್ಲ. ರೇಡಿಯೇಟರಿನ ತೆಳು ತಗಡುಗಳ ನಡುವೆ ಆಚೆಯ ಬೆಳಕು ಕಾಣುತ್ತಿತ್ತು. ಫ್ಯಾನಿನ ಬೆಲ್ಟು ಬಿಗಿಯಾಗಿತ್ತು. ಬಿಸಿಯಾದಾಗ ತೆರೆದು ನೀರು ಬಿಡಬೇಕಾದ ಥರ್ಮೋಸ್ಟಾಟನ್ನು ಪಾತ್ರೆಯಲ್ಲಿ ಹಾಕಿ ಕುದಿಸಿದರೆ ಅದು ವಿಧೇಯ ವಿದ್ಯಾರ್ಥಿಯ ಹಾಗೆ ಬಾಯಿ ತೆರೆಯಿತು. ಸರ್ಜನ್ನನ ಹಣೆಯ ಮೇಲೆ ಬೆವರು ಮೂಡಿತು. ಭಾವನನ್ನು ಬೀದಿಯ ನಲ್ಲಿಯಿಂದ ನೀರು ತರಲು ಕಳಿಸಿ, ರೇಡಿಯೇಟರಿನಿಂದ ಎಂಜಿನ್ನಿಗೆ ನೀರು ಹೋಗುವ ಕೆಳಗಿನ ರಬ್ಬರ್ ಪೈಪನ್ನು ಕಿತ್ತು ಒಳಗೆ ಬೆರಳು ತೂರಿಸಿದ.

ಮೆತ್ತಗೆ ಏನೋ ತಾಕಿತು.

ಇಕ್ಕಳ ಹಾಕಿ ಎಳೆದ. ಅಂಗೈಯಗಲದ ಬಟ್ಟೆ, ಹಸಿರು ಪಟ್ಟೆಯದು. ಮೂರು ವಾರದ ಹಿಂದೆ ರೇಡಿಯೇಟರಿಗೆ ನೀರು ಹೊಡೆಯುವಾಗ ಪೈಪಿನೊಳಗೆ ಕಸ ಬೀಳದಿರಲೆಂದು ಮಹಾ ಮುತುವರ್ಜಿಯಿಂದ ತಾನೇ ತುರುಕಿದ್ದು. ತೆಗೆಯುವುದನ್ನು ಮರೆತು ಪೈಪನ್ನು ಅಷ್ಟೇ ಮುತುವರ್ಜಿಯಿಂದ ಕೂರಿಸಿದ್ದ. ಹರಿದುಕೊಂಡದ್ದು ಯಾವ ಟವೆಲ್ಲಿನಿಂದ ಎಂದು ಹುಡುಕಬೇಕಾಗಿರಲಿಲ್ಲ. ಒಂದು ಮೂಲೆಯಿಲ್ಲದ ಆ ಹಸಿರು ಪಟ್ಟೆಯ ಟವೆಲ್ಲು ಅವನ ಹೆಗಲ ಮೇಲೆಯೇ ಇತ್ತು.

ಮಹಾವೀರರು ಕತ್ತಿಯನ್ನು ಒರೆಗೆ ಸೇರಿಸುವ ವೇಗದಲ್ಲಿ ಸರ್ಜನ್ ತುಂಡನ್ನೂ ಟವೆಲ್ಲನ್ನೂ ಸಲಕರಣೆ ಪೆಟ್ಟಿಗೆಗೆ ತುರುಕಿ ಮುಚ್ಚಳ ಹಾಕಿದ. ಅಷ್ಟರಲ್ಲಿ ಭಾವ ಎರಡೂ ಕೈಯಲ್ಲಿ ನೀರಿನ ಕ್ಯಾನು ಹಿಡಿದು ಬಂದ.

"ಏನಾದ್ರೂ ಸಿಕ್ತೇನಯ್ಯಾ? ಎಲ್ಲಿ, ಟವೆಲ್ ಕೊಡು, ಕೈ ಒರೆಸ್ಕೋತೀನಿ."

"ಅಂಗಿಗೆ ಒರೆಸ್ಕೋ ಭಾವ. ಸಿಕ್ತು."

"ಏನು ಸಿಕ್ತು?" ಶೆಡ್ಡಿನ ಹೊರಗೆ ಕಾದಿದ್ದ ಯಜಮಾನಿ ಛತ್ರಿ ಮಡಚಿ ಹತ್ತಿರ ಬಂದಳು.

ಸರ್ಜನ್ ಯೋಚಿಸಿದ. ಯಾರ ತಲೆಗೂ ಕಟ್ಟಲಾಗದ ಒಂದು ಕಾರಣ ಬೇಕಿತ್ತು, ಅಪ್ಪ ಅಮ್ಮ ಇಲ್ಲದ್ದು.

"ಉಪ್ಪು ಕಟ್ಟಿತ್ತು ಅಮ್ಮಾವ್ರೆ, ಪೈಪಿನೊಳಗೆ."

"ಉಪ್ಪು ಎಲ್ಲಿಂದ ಬಂತು?"

"ನೀರಿನಿಂದ. ಬಾವಿ ನೀರು ಹಾಕಿದ್ರೆ ಕಟ್ಟುತ್ತೆ."

"ಮೂರು ವಾರದ ಹಿಂದೆ ನೀನು ತೊಳೆದು ಕೊಟ್ಟಾಗ?"

"ಆಗ ಒಳಗೆಲ್ಲ ಕನ್ನಡಿ ಥರ ಇತ್ತು." ಇದನ್ನು ಹೇಳದೆ ಇರಲು ಅವನಿಂದ ಸಾಧ್ಯವೇ ಇರಲಿಲ್ಲ.

"ಹಾಗಾದ್ರೆ ಉಪ್ಪೆಲ್ಲ ಆಮೇಲಿಂದು" ಎಂದಳು ಯಜಮಾನಿ. "ನೀರು ಹಾಕೋರು ಯಾರು?"

ಮೂರು ವಾರದಲ್ಲಿ ಪೈಪು ಕಟ್ಟುವಷ್ಟು ಉಪ್ಪು ಸಮುದ್ರದ ನೀರು ಹಾಕಿದರೂ ಬರುವುದಿಲ್ಲ ಎಂದು ಆ ಶೆಡ್ಡಿನಲ್ಲಿ ಬಲ್ಲವನು ಒಬ್ಬನೇ. ಬಾಯಿ ಬಿಡುವುದಕ್ಕೆ ಅವನಿಗೆ ಬೇಕಾದಷ್ಟು ಸಮಯವೂ ಇತ್ತು. ಎದುರಿಗೆ ಟೈಲರ್ ಒಂದು ತೋಳು ಹೊಲಿದು ಮುಗಿಸಿ ದಾರ ಕಡಿದ, ಅಷ್ಟು ಸಮಯ. ಆದರೆ ಅದೇ ಟೈಲರ್ ಕತ್ತೆತ್ತಿ ಇತ್ತ ನೋಡುತ್ತಿದ್ದ, ಮೇಲೆ ಬೋರ್ಡು ನೇತಾಡುತ್ತಿತ್ತು.

"ಡ್ರೈವರ್" ಎಂದ ಸರ್ಜನ್.

ಹತ್ತೊಂಬತ್ತು ವರ್ಷದಲ್ಲಿ ಭಾವನನ್ನು ಅವನು ಹಾಗೆ ಕರೆದದ್ದು ಅದೇ ಮೊದಲು. ಭಾವ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದಿರಬೇಕೆಂದು. ಆಮೇಲೆ ಜೇಬಿನಿಂದ ಕೀಲಿ ತೆಗೆದು, ಅಂಗಿಗೆ ಒರೆಸಿ, ಯಜಮಾನಿಯ ಕೈಗಿಟ್ಟ.

ಟ್ರ್ಯಾಕ್ಟರು ಮರುದಿನ ಸಂಜೆಯ ತನಕ ಉತ್ತರೂ ಬಿಸಿಯಾಗಲಿಲ್ಲ. ಸರ್ಜನ್ನನ ಕೀರ್ತಿ ಇನ್ನೊಂದು ಮೊಳ ಬೆಳೆಯಿತು. ಭಾವನಿಗೆ ಯಜಮಾನಿ ತನ್ನ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಕೊಟ್ಟಳು. ಅಕ್ಕ ತಮ್ಮನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. "ಪಾಪ, ನಿನಗೆ ಎಂಥ ಧರ್ಮಸಂಕಟ ತಂದಿಟ್ರು ಇವರು" ಎಂದಳು.

ಮುಂದಿನ ಸೋಮವಾರ ಯಜಮಾನಿ ಸರ್ಜನ್ನನನ್ನು ಮನೆಗೆ ಕರೆಸಿದಳು. ಹೊಸ ಡ್ರೈವರಿಗೆ ನೀರಿನ ವಿಷಯ ಪಾಠ ಹೇಳಬೇಕಿತ್ತು. ಸರ್ಜನ್ ಅಂಗಳದ ನಡುವೆ ನಿಂತು, ಬಾವಿ ನೀರಿನ ಅನಾಹುತಗಳನ್ನು ಮುಕ್ಕಾಲು ಗಂಟೆ ವಿವರಿಸಿದ. ಸುಳ್ಳಾದರೂ ಚೆನ್ನಾಗಿತ್ತು, ಕೊನೆಕೊನೆಗೆ ತಾನೇ ನಂಬುವ ಹಂತಕ್ಕೆ ಬಂದಿದ್ದ. ಪಾಠಕ್ಕೆ ಬೇಕಾದ ನಲ್ಲಿ ನೀರನ್ನು ಬಕೆಟ್ಟಿನಲ್ಲಿ ತಂದಿಟ್ಟದ್ದು ಭಾವ. ಎಲ್ಲರೂ ಚದುರಿದ ಮೇಲೆ ಅವನು ಹತ್ತಿರ ಬಂದ. ಹೆಗಲ ಮೇಲೆ ಮೂಟೆಯ ಧೂಳಿತ್ತು.

"ನಿನ್ನ ಹತ್ರ ಮುಚ್ಚಿಡೋದಿಲ್ಲ ಕಣಯ್ಯಾ" ಎಂದು ದನಿ ತಗ್ಗಿಸಿದ. "ನೀನು ತೊಳೆದು ಕೊಟ್ಟ ಮಾರನೇ ವಾರ ನಲ್ಲೀಲಿ ನೀರು ಬರ್ಲಿಲ್ಲ. ಬಾವಿಯಿಂದ ಅರ್ಧ ಬಕೆಟ್ ಹಾಕಿದ್ದೆ. ಅದೊಂದೇ ದಿನ. ಅಷ್ಟಕ್ಕೇ ಹಿಂಗಾಗುತ್ತಾ?"

ಸರ್ಜನ್ ಬಕೆಟ್ಟಿನಲ್ಲಿ ಮಿಕ್ಕಿದ್ದ ನೀರನ್ನು ನೋಡಿದ.

"ಅಷ್ಟೇ ಸಾಕು ಭಾವ" ಎಂದ.

ಭಾವ ತಲೆಯಾಡಿಸಿದ. "ನಾನೂ ಹಂಗೇ ಅಂದ್ಕೊಂಡೆ. ಒಂದು ಗಳಿಗೆ ಕಾದಿದ್ರೆ ಆಗೋದು, ನಲ್ಲಿ ಬಂದಿರೋದು" ಎಂದು ತನ್ನನ್ನೇ ಬೈದುಕೊಂಡು, ಅದೇ ಅಗಲಗಾಲಿನಲ್ಲಿ ಗೋದಾಮಿನ ಕಡೆ ನಡೆದ.