ಅಣ್ಣನ ಎಡೆಗೆ ಗೆಂಡೆ ಮೀನು

ಕುಂದಲಹಳ್ಳಿಯಲ್ಲಿ ನಮ್ಮಣ್ಣ ಚಿಕ್ಕಬೈರಪ್ಪ ಬಾಳಿದ ಹೆಂಚಿನ ಮನೆ ಈಗಿಲ್ಲ. ಅವನು ತೀರಿಕೊಂಡ ಮೇಲೆ ಮಗ ಶ್ರೀಧರ ಅದನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದ. ಕೆಳಗೆ ತಾನೂ ತಾಯಿಯೂ, ಮೇಲೆಲ್ಲ ಬಾಡಿಗೆಯವರು. ಗೇಟಿಗೊಂದು ಬೋರ್ಡು: ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ. ಕೆರೆಯ ಮೀನು ತಿಂದೇ ಬೆಳೆದ ಹುಡುಗ ಹಾಕಿದ ಬೋರ್ಡು ಅದು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಮೇಲಿನವರು ಬೇಜಾರು ಮಾಡಿಕೊಂಡಾರು ಎಂದು ನನ್ನ ಅತ್ತಿಗೆ ಭದ್ರಮ್ಮನ ಅಡುಗೆಮನೆಯಲ್ಲೂ ಮೀನು ಬಂದ್ ಆಯಿತು. ಅತ್ತಿಗೆ ಬಾಯಿ ಮುಚ್ಚಿಕೊಂಡು ಸೊಪ್ಪು ಬೇಳೆ ಉಂಡಳು. ಆದರೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡಬೇಕಲ್ಲ. ಬದುಕಿದ್ದಾಗ ಅವರು ಏನನ್ನು ಆಸೆಪಟ್ಟು ತಿನ್ನುತ್ತಿದ್ದರೋ ಅದನ್ನೇ ಬೇಯಿಸಿ, ಎಲೆಗೆ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುವುದು ನಮ್ಮ ಪದ್ಧತಿ. ಹಿರಿಯರು ಬಂದು ಉಂಡು ಹೋಗುವ ತನಕ ಒಳಗೆ ಒಂದು ನರಪಿಳ್ಳೆಯೂ ಇರಕೂಡದು. ನಮ್ಮಣ್ಣನಿಗೆ ಗೆಂಡೆ ಮೀನೆಂದರೆ ಪ್ರಾಣ. ಹೋದ ವರ್ಷ ಶ್ರೀಧರ ಅವನೆಲೆಗೆ ಪಲಾವು, ಪಾಯಸ ಹಾಕಿಸಿದ್ದ.

ಈ ಸಲ ಅತ್ತಿಗೆ ಪಟ್ಟು ಹಿಡಿದಳು. "ಈ ಮನೇನ ನಿಮ್ಮಪ್ಪ ಕಂಡಿಲ್ಲ ಕಣೋ. ಅಳೇ ಬಾಗ್ಲಿಲ್ಲ, ಜಗಲಿ ಇಲ್ಲ. ಮೀನಿನ ವಾಸ್ನೆ ಇಡ್ಕೊಂಡೇ ಬರ್ಬೇಕು. ಓದ್ ವರ್ಸ ಬರ್ಲೇ ಇಲ್ಲ ಅವ್ರು, ನಂಗೊತ್ತು."

"ಸರಿ ಬಿಡಮ್ಮ, ಇದೊಂದ್ಸಲ ಮಾಡ್ಕೋ," ಎಂದ ಶ್ರೀಧರ, ಮುಖ ಸಿಂಡರಿಸಿಕೊಂಡು.

ಹೊಸಕೋಟೆಯಿಂದ ಇನ್ನೂ ಒದ್ದಾಡುತ್ತಿದ್ದ ಗೆಂಡೆಯನ್ನು ನಾನೇ ತಂದುಕೊಟ್ಟೆ. ಅತ್ತಿಗೆ ಕಲ್ಲುಪ್ಪು ಹಾಕಿ ಉಜ್ಜಿ ಲೋಳೆ ತೆಗೆದಳು. ಕಾಯಿ ಇಲ್ಲ, ಚಕ್ಕೆ ಲವಂಗ ಇಲ್ಲ. ಮಡಕೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಖಾರದ ಪುಡಿ, ಹುಣಸೆ ರಸ. ಅದು ಚೆನ್ನಾಗಿ ಕುದಿದ ಮೇಲೆ ಮೀನು. ನಾನು ಸೌಟು ಹಾಕಲು ಹೋದರೆ ಕೈಗೆ ಹೊಡೆದಳು. ಬಟ್ಟೆಯಲ್ಲಿ ಹಿಡಿದು ಮಡಕೆಯನ್ನೇ ಮೆಲ್ಲಗೆ ಅಲುಗಿಸಿದಳು.

"ತಾಜಾ ಮೀನ್ಗೆ ಜಾಸ್ತಿ ಏನೂ ಬ್ಯಾಡ ಜ್ಯೋತಿ. ನಿಮ್ಮಣ್ಣ ಅಂಗೇ ಏಳೋರು," ಎಂದು ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಅಣ್ಣನ ಫೋಟೋದ ಮುಂದೆ ಎಲೆ ಹಾಕಿ, ಮುದ್ದೆ ಇಟ್ಟು, ಸಾರು ಬಡಿಸಿ ಹೊರಗೆ ಬಂದೆವು. ಶ್ರೀಧರ ಫೋನು ಹಿಡಿದು ಕಟ್ಟಡದ ಹಿಂದಕ್ಕೆ ಹೋದ. ಅಷ್ಟರಲ್ಲಿ ಎರಡನೇ ಮಹಡಿಯ ಬಾಡಿಗೆಯವರು, ಗದಗಿನ ಪಂಚಾಕ್ಷರಿ, ಸ್ಕೂಟರಿನಲ್ಲಿ ಬಂದರು. ಎಡೆ ಇಟ್ಟಿದ್ದೇವೆ ಎಂದಾಗ ಕೈ ಮುಗಿದು ನಮ್ಮ ಜೊತೆಗೇ ನಿಂತರು.

ಸ್ವಲ್ಪ ಹೊತ್ತು ಬಿಟ್ಟು ಅತ್ತಿಗೆ ಬಾಗಿಲು ತೆಗೆದರೆ ಮನೆಯೆಲ್ಲ ಮಲ್ಲಿಗೆಯ ಘಾಟು. ಮೀನಿನ ವಾಸನೆ ಹುಡುಕಿದರೂ ಇಲ್ಲ. ಅಡುಗೆಮನೆಯ ಫ್ಯಾನು ಗುಂಯ್‌ಗುಡುತ್ತಿತ್ತು. ಹಿಂಬಾಗಿಲಲ್ಲಿ ಶ್ರೀಧರ ನಿಂತಿದ್ದ, ಕೈಯಲ್ಲಿ ರೂಮ್ ಫ್ರೆಶ್ನರ್ ಡಬ್ಬಿ.

"ಯಾಕೋ ಒಳೀಕ್ ಬಂದೆ?"

"ಪಂಚಾಕ್ಷರಿಯವ್ರು ಬರೋ ಟೈಮಾಗಿತ್ತಮ್ಮ. ಲಿಂಗ ಕಟ್ಟೋ ಜನ, ಏನಂದ್ಕೋತಾರೆ ಹೇಳು. ಆಣೆಗೂ ಎಲೆ ಮುಟ್ಟಿಲ್ಲ ನಾನು."

"ಎಲೆ ಯಾರೋ ಕೇಳಿದ್ರು? ಅವರ್ ದಾರೀನೇ ಅಳ್ಸಾಕ್ಬಿಟ್ಯಲ್ಲೋ."

ಹೊಸ್ತಿಲಾಚೆ ನಿಂತಿದ್ದ ಪಂಚಾಕ್ಷರಿ ಮೆಲ್ಲಗೆ ಹೇಳಿದರು: "ನಾವ್ ಯಾವಾಗ ಬ್ಯಾಡ ಅಂದೇವ್ರಿ ಶ್ರೀಧರ್? ನಿಮ್ಮ ಮನಿ, ನಿಮ್ಮ ಹಿರ್ಯಾರು. ನಾವು ಬರೂಕಿಂತ ಮೊದ್ಲ ನೀವ ಬೋರ್ಡ್ ಹಾಕಿದ್ರಿ."

ಥೂ, ನನ್ನಣ್ಣನ ಹೊಟ್ಟೆಯಲ್ಲಿ ಹುಟ್ಟಿದವನು. ಬಾಯಿಗೆ ಬಂದಂತೆ ಬೈದೆ. ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ನಿಂತಿದ್ದ.

ಅತ್ತಿಗೆ ಮಡಕೆ ಎತ್ತಿಕೊಂಡು ಹೊರಗೆ ಹೋಗಿ, ಗೇಟಿನಾಚೆ ರಸ್ತೆಯ ಪಕ್ಕ, ಆ ಬೋರ್ಡಿನ ಕೆಳಗೆ ಇಟ್ಟು ಮುಚ್ಚಳ ತೆಗೆದಳು. ಪಕ್ಕದಲ್ಲೇ ಕೂತಳು. ಕಂಪನಿಯ ಕ್ಯಾಬುಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು.

"ಒಳಗೆ ಬಾ ಅತ್ತಿಗೆ," ಎಂದೆ.

"ಇರು, ಇನ್ನೊಂದ್ ಗಳಿಗೆ ನೋಡೋಣ."

ನಾನೂ ಕೂತೆ. ಸಾರು ಆಗಲೇ ಆರಿಹೋಗಿತ್ತು. ಮಡಕೆಯ ಪಕ್ಕ ಕೂತ ನನಗೇ ಅದರ ವಾಸನೆ ಬರಲಿಲ್ಲ.