ಸೀಟ್ ಬೆಲ್ಟಿನಡಿಯ ಪೋರ್ಟ್

ಬೆಳ್ತಂಗಡಿಯಲ್ಲಿ ಹೆಂಗಸರಿಗೆ ಕಾರು ಕಲಿಸುವವರೆಂದರೆ ಶಶಿಪ್ರಭಾ. ಹದಿನಾಲ್ಕು ವರ್ಷಗಳಿಂದ ಅದೇ ಕೆಲಸ. ಘಾಟಿಯ ದಾರಿಯ ಕಕ್ಕಿಂಜೆಯ ತನಕ ಕರೆದೊಯ್ದು ತಿರುವಿನಲ್ಲಿ ಗೇರ್ ಇಳಿಸುವುದನ್ನು ಕಲಿಸದೆ ಅವರು ಯಾರನ್ನೂ ಲೈಸೆನ್ಸ್ ಪರೀಕ್ಷೆಗೆ ಕಳಿಸಿದವರಲ್ಲ.

ಕಳೆದ ವರ್ಷ ಅವರ ಬಲ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿತು. ಆಪರೇಷನ್ ಆಗಿ ಎರಡು ಕೀಮೋ ಮುಗಿಯುವಷ್ಟರಲ್ಲಿ ಎಡಗೈಯ ನರಗಳು ಗಟ್ಟಿಯಾಗಿ ಸೂಜಿ ಹಿಡಿಯದಾದವು. ಆಗ ಮಂಗಳೂರಿನ ಡಾಕ್ಟರು ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಒಂದು ಪೋರ್ಟ್ ಕೂರಿಸಿದರು. ನಾಣ್ಯದಷ್ಟು ಅಗಲದ ಪುಟ್ಟ ಡಬ್ಬಿ; ಅದರಿಂದ ಹೊರಟ ಕೊಳವೆ ದೊಡ್ಡ ರಕ್ತನಾಳಕ್ಕೆ ಹೋಗುತ್ತದೆ. ಮದ್ದೆಲ್ಲ ಅದರ ಮೂಲಕವೇ. "ಇನ್ನು ಕೈಗೆ ಚುಚ್ಚಿಸಿಕೊಳ್ಳುವ ಕಷ್ಟ ಇಲ್ಲ" ಎಂದಿದ್ದರು. ಶಶಿಪ್ರಭಾ ನಂಬಿದರು.

ಮೈ ತಾಳುವ ದಿನಗಳಲ್ಲಿ ಕಲಿಸಲು ಹೋಗುತ್ತಿದ್ದರು. ಕಲಿಸುವವರ ಸೀಟು ಎಡಕ್ಕೆ. ಬೆಲ್ಟು ಬಿಗಿಯುವುದು ಸರಿಯಾಗಿ ಪೋರ್ಟಿನ ಮೇಲೆಯೇ. ಹೊಸದಾಗಿ ಸೇರಿದ ಉಝ್ಮಾ ಕ್ಲಚ್ಚನ್ನು ತಟ್ಟನೆ ಬಿಟ್ಟು ಕಾರು ಜಗ್ಗಿದಾಗಲೆಲ್ಲ ಇವರ ಕಣ್ಣಲ್ಲಿ ನೀರು ಬರುತ್ತಿತ್ತು. ಬೈದರೆ ಹುಡುಗಿ ಇನ್ನೂ ಹೆದರುತ್ತಾಳೆ. ಬೆಲ್ಟಿನಡಿ ಮೈ ಒರೆಸುವ ಒಂದು ಬೈರಾಸು ಮಡಚಿಟ್ಟುಕೊಂಡರು.

ನಿಜವಾದ ಸಿಟ್ಟು ಬಂದದ್ದು ಲ್ಯಾಬಿನಲ್ಲಿ. ಪ್ರತಿ ಕೀಮೋದ ಮೊದಲು ರಕ್ತಪರೀಕ್ಷೆಯ ವರದಿ ಬೇಕು. ಊರಿನ ಲ್ಯಾಬಿನ ಮನೀಷ್ ಪೋರ್ಟನ್ನು ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದ.

"ಅದರ ಸೂಜಿ ಬೇರೆಯೇ ಉಂಟಕ್ಕ, ನಮ್ಮಲ್ಲಿ ಇಲ್ಲ. ಇದ್ರೂ ನಾವು ಮುಟ್ಟುವ ಹಾಗಿಲ್ಲ. ಕೈ ಕೊಡಿ."

ಬಲಗೈ ಆಪರೇಷನ್ ಆದ ಬದಿ, ಅದಕ್ಕೆ ಚುಚ್ಚಬಾರದು. ಎಡಗೈಗೆ ಐದು ಸಲ ಚುಚ್ಚಿದ. ಒಮ್ಮೆಯೂ ರಕ್ತ ಸಿಗಲಿಲ್ಲ. ಆರನೆಯ ಸಲಕ್ಕೆ ಶಶಿಪ್ರಭಾ ಕೈ ಎಳೆದುಕೊಂಡರು.

"ಸಾಕು ಮಾರಾಯ. ಕೈಗೆ ಚುಚ್ಚುವುದು ಬೇಡ ಅಂತ ಅಲ್ವಾ ಇದನ್ನು ಹಾಕಿಸಿದ್ದು?"

"ನನ್ನತ್ರ ಕೇಳಿದ್ರೆ ನಾನು ಎಂಥ ಹೇಳುವುದಕ್ಕ?"

ಮರುದಿನ ಮಂಗಳೂರಿನ ಬಸ್ಸು ಹತ್ತಿದರು, ಎರಡು ಚಮಚ ರಕ್ತ ಕೊಡಲಿಕ್ಕೆ. ಗುಂಡಿ ತಪ್ಪಿಸಲು ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಇವರ ಕಾಲೂ ನೆಲ ಒತ್ತುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಸುರಕ್ಷಾ ಪೋರ್ಟಿಗೆ ಸೂಜಿ ಇಳಿಸಿ ಎಳೆದಳು. ಅಲ್ಲೂ ಬರಲಿಲ್ಲ.

"ಕೈ ಮೇಲೆ ಮಾಡಿ ಅಕ್ಕ. ಈಗ ಕೆಮ್ಮಿ. ಸ್ವಲ್ಪ ಆಚೆ ತಿರುಗಿ. ಇನ್ನೊಮ್ಮೆ ಕೆಮ್ಮಿ."

ಹೇಳಿದ ಹಾಗೆಲ್ಲ ಮಾಡುತ್ತಾ ಶಶಿಪ್ರಭಾರಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಸಲೈನ್ ಹಾಯಿಸಿ, ಕಾಲು ಗಂಟೆ ಹೆಣಗಿದ ಮೇಲೆ ಕೊಳವೆಯಲ್ಲಿ ಕೆಂಪು ಕಾಣಿಸಿತು. ಸುರಕ್ಷಾ ಬೆವರು ಒರೆಸಿಕೊಂಡಳು. ಆಮೇಲಿನ ಪ್ರತಿ ಪರೀಕ್ಷೆಗೂ ಶಶಿಪ್ರಭಾ ಅಲ್ಲಿಗೇ ಹೋದರು.

ಮಾರ್ಚಿನಲ್ಲಿ ಕೀಮೋ ಮುಗಿಯಿತು. ಪೋರ್ಟ್ ತೆಗೆಯುವುದು ಯಾವಾಗ ಎಂದು ಕೇಳಿದರು. ಮುಂದೆ ಬೇಕಾದೀತು, ಒಂದು ವರ್ಷ ಇರಲಿ, ಕೊಳವೆ ಕಟ್ಟಿಕೊಳ್ಳದ ಹಾಗೆ ತಿಂಗಳಿಗೊಮ್ಮೆ ಬಂದು ತೊಳೆಸಿಕೊಂಡು ಹೋಗಿ ಎಂದರು ಡಾಕ್ಟರು. ಶಶಿಪ್ರಭಾ ಚೀಟಿ ತೆಗೆದುಕೊಂಡು ಎದ್ದು ಬಂದರು.

ಈಗ ತಿಂಗಳಲ್ಲಿ ಒಂದು ದಿನ ಕ್ಲಾಸಿಗೆ ರಜೆ. ಯಾಕೆಂದು ಕೇಳಿದವರಿಗೆ "ಸರ್ವಿಸಿಗೆ ಹೋಗಲಿಕ್ಕೆ ಉಂಟು" ಎನ್ನುತ್ತಾರೆ. ಕಾರಿನದ್ದೆಂದು ತಿಳಿದು ಅವರು ತಲೆಯಾಡಿಸುತ್ತಾರೆ. ಇವರು ತಿದ್ದುವುದಿಲ್ಲ.